ಎರಡೂ ಎಡಗೈ

ಮಗಳು ಅಂಗಡಿ ಬಿಟ್ಟು ಹೋದ ಮೇಲೆ ಮುದುಕ ದರ್ಜಿಗೆ ಇಲ್ಲದ ಕಾಯಿಲೆಯೇ ಇರಲಿಲ್ಲ. ಒಂದು ದಿನ ಸೊಂಟ, ಇನ್ನೊಂದು ದಿನ ಎದೆ, ನಡುವೆ ಬಿಡುವಾದರೆ ತಲೆಸುತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ವಯಸ್ಸಿಗೆ ಚೆನ್ನಾಗೇ ಇದೀರಿ" ಎಂದರೆ ಇವನಿಗೆ ಕೆಂಡದಂಥ ಕೋಪ. ಚೆನ್ನಾಗಿದ್ದರೆ ಆಸ್ಪತ್ರೆಗೆ ಯಾಕೆ ಬರುತ್ತಿದ್ದ, ಹರಟೆ ಹೊಡೆಯಲಿಕ್ಕಾ?

ಜಗಳ ಆಗಿದ್ದು ಒಂದು ಕಾಲರಿಗೆ. "ಈ ಕಾಲರ್ ಹಳೇದಾಯ್ತಪ್ಪ, ಈಗ ಯಾರೂ ಹಾಕಲ್ಲ" ಎಂದಳು ಮಗಳು. "ಹಾಗಾದ್ರೆ ನಾನೂ ಹಳಬನೇ. ನಿನ್ನ ದಾರಿ ನೀ ನೋಡ್ಕೋ" ಎಂದುಬಿಟ್ಟ. ಅವಳೇನು ಕಡಿಮೆಯೇ? ಅಪ್ಪನ ಹಾಗೇ ಮೂಗಿನ ತುದಿಯಲ್ಲೇ ಕೋಪ. ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಕೊನೆಗೆ ಒಂದು ಕೋಟಿನಲ್ಲಿ ಎಡವಟ್ಟಾಯಿತು. ಗಿರಾಕಿ ಕನ್ನಡಿ ಮುಂದೆ ನಿಂತು ಕೈ ತೂರಿಸಿದರೆ ಬಲದ ತೋಳು ಹಿಂದಕ್ಕೆ ತಿರುಚಿಕೊಂಡಿತು. ನೋಡಿದರೆ ಎರಡೂ ಎಡಗೈಯವೇ! ಬದುಕಿಡೀ ಕತ್ತರಿ ಹಿಡಿದವನು ಮಾಡುವ ತಪ್ಪೇ ಇದು? ಸೊಂಟ ಹೋದರೆ ಹಾಳಾಗಿ ಹೋಗಲಿ, ತಲೆಯೇ ಕೈಕೊಟ್ಟರೆ? ಮುದುಕ ಹೆದರಿಬಿಟ್ಟ. ಹೊಲಿಗೆ ಯಂತ್ರ ಮಾರಿ ಮನೆಯಲ್ಲಿ ಬಿದ್ದುಕೊಳ್ಳುವುದೆಂದು ತೀರ್ಮಾನಿಸಿ, ಕೊಳ್ಳುವವನಿಗೆ ಸಂಜೆ ಬರಹೇಳಿದ.

ಅವನಿಗಿಂತ ಮೊದಲು ಬಂದವಳು ಮಗಳು. ಇಂಥ ಸುದ್ದಿ ಪಕ್ಕದ ಬೀದಿಗೆ ಮುಟ್ಟಲು ಎಷ್ಟು ಹೊತ್ತು!

"ನೀನೇನೂ ಹೇಳ್ಬೇಡ" ಎಂದು ಅಪ್ಪ ಕೋಟನ್ನು ಅವಳ ಮುಂದೆ ಎಸೆದ. "ನೋಡು, ನನ್ನ ತಲೆ ಕೆಟ್ಟಿದೆ. ಮುಗೀತು ನನ್ನ ಕತೆ."

ಅವಳು ತೋಳುಗಳನ್ನು ಹೊರಳಿಸಿ ನೋಡಿದಳು. ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

"ಕತ್ತರಿಸುವಾಗ 'ಮಗುಚಿದ್ಯಾ' ಅಂತ ಯಾರು ಕೇಳಿದ್ರು?"

ಯಾರಿದ್ದಾರೆ ಕೇಳಲು? ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮರೆತರೆ ಎರಡೂ ಒಂದೇ ಕೈಯವಾಗುತ್ತವೆ. ಅವಳು ಕೆಲಸ ಕಲಿತಾಗಿನಿಂದ ಈ ಅಂಗಡಿಯಲ್ಲಿ ಒಬ್ಬರು ಕತ್ತರಿ ಎತ್ತಿದರೆ ಇನ್ನೊಬ್ಬರು "ಮಗುಚಿದ್ಯಾ?" ಎನ್ನುವುದು ರೂಢಿ. ಕೇಳುವವರಿದ್ದಾರೆ ಎಂಬ ಧೈರ್ಯಕ್ಕೆ ಇಬ್ಬರೂ ತಾವಾಗಿ ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು.

"ನಾನೂ ಹೋದ ವಾರ ಎರಡು ಬಲಗೈ ಹೊಲಿದೆ" ಎಂದಳು ಮಗಳು, ತಲೆ ತಗ್ಗಿಸಿ. "ಮೈಯಲ್ಲಿ ಹುಷಾರಿಲ್ಲ ಅಂತ ಅಂಗಡಿ ಬಾಗಿಲು ಹಾಕಿ ಮಲಗ್ಬಿಟ್ಟಿದ್ದೆ."

"ಎರಡು ಬಲಗೈಯಾ? ಅಯ್ಯೋ ಪೆದ್ದಿ!" ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ಒಬ್ಬಳೇ ಮಲಗಿದ್ದಳೆಂಬುದು ಆಮೇಲೆ ಮನಸ್ಸಿಗೆ ತಟ್ಟಿತು. ಬಲದ ತೋಳನ್ನು ಹೊಸದಾಗಿ ಕತ್ತರಿಸಲು ಕೋಟಿನ ಉಳಿದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಅಳತೆಯ ಕಾಗದ ಇಟ್ಟ.

ಅಷ್ಟರಲ್ಲಿ ಯಂತ್ರ ಕೊಳ್ಳುವವನು ಬಾಗಿಲಲ್ಲಿ ನಿಂತ. "ಆರೋಗ್ಯ ಸರಿಯಿಲ್ಲ, ಕೆಲಸ ಬಿಡ್ತೀನಿ ಅಂದಿದ್ರಲ್ಲ ಯಜಮಾನ್ರೇ?"

"ಯಾರಿಗೆ ಸರಿಯಿಲ್ಲ? ಗುಂಡುಕಲ್ಲಿನ ಹಾಗಿದೀನಿ. ಹೋಗಿ ಬನ್ನಿ."

ಸೊಂಟವೇನೋ ಆಗಲೂ ನೋಯುತ್ತಲೇ ಇತ್ತು. ಬಗ್ಗಿ ಕತ್ತರಿ ಎತ್ತಿಕೊಂಡ.

"ಅಪ್ಪ, ಮಗುಚಿದ್ಯಾ?"

"ನಂಗೇ ಹೇಳ್ಕೊಡ್ತೀಯಾ?" ಎಂದು ಗದರಿದ. ಆಮೇಲೆ ಮೇಜು ನೋಡಿ, ಸದ್ದಿಲ್ಲದೆ ಕಾಗದವನ್ನು ಮಗುಚಿ ಹಾಕಿದ.