ನಡುಮನೆಯ ಸ್ಟೇಷನ್

ಕರೆಂಟು ಹೋಗಿ ಬೆಲ್ಲು ಕೂಗದ್ದರಿಂದ ಬಂದವರು ಬಾಗಿಲು ಬಡಿದರು. ಇಂದಿರಾ ಗಾಬರಿಯಲ್ಲಿ ಮಂಚದ ಮೇಲಿನ ಹೂವಿನ ಚಾದರ ಎಳೆದು ತಂದು, ನಡುಮನೆಯ ಮುಕ್ಕಾಲು ಪಾಲು ಹಿಡಿದಿದ್ದ ಹಲಗೆಯ ಮೇಲೆ ಹೊದಿಸಿಬಿಟ್ಟರು. ಬೆಟ್ಟ, ಸೇತುವೆ, ಸ್ಟೇಷನ್ನು, ರೈಲ್ವೆ ಕ್ವಾರ್ಟರ್ಸು ಎಲ್ಲವೂ ಅದರಡಿ ಸೇರಿದವು.

"ಅಮ್ಮಾ, ಮರಗಳು ಮುರೀತವೆ!" ಎಂದಳು ವರ್ಷಿಣಿ.

"ಮುರೀಲಿ. ಹೆಣ್ಣು ನೋಡಾಕ ಬಂದೋರು ಮೊದ್ಲು ಹೆಣ್ಣು ನೋಡ್ಲಿ. ಸೆರಗು ಸರಿ ಮಾಡ್ಕೋ. ಕೈಗೆಲ್ಲ ಅಂಟು ಮೆತ್ತೈತಿ ನೋಡು."

ಬಂಗಾಳಿಗಳ ನಡುವೆ, ಬಾರಾನಗರದ ಆ ಮನೆಯಲ್ಲಿ ವರ್ಷಿಣಿ ಕೆಲವು ವರ್ಷಗಳಿಂದ ಪುಟ್ಟದೊಂದು ರೈಲುದಾರಿ ಕಟ್ಟುತ್ತಿದ್ದಳು. ಸೆಕ್ಟರ್ ಫೈವಿನಲ್ಲಿ ಸಾಫ್ಟ್‌ವೇರ್ ಕೆಲಸ; ಕಂಪನಿಯಿಂದ ಜರ್ಮನಿಗೆ ಹೋಗಿಬಂದವರ ಕೈಲಿ ಇಂಜಿನ್ನು, ಬೋಗಿ, ಹಳಿ ತರಿಸಿಕೊಂಡಿದ್ದಳು. ಉಳಿದದ್ದೆಲ್ಲ ಇಲ್ಲಿಯದೇ. ಹಳೇ ಪೇಪರು ನೆನೆಸಿ ಮಾಡಿದ ಬೆಟ್ಟ, ಗಂಗೆಯ ದಡದಿಂದ ತಂದು ಜರಡಿ ಹಿಡಿದ ಮಣ್ಣು, ಹೀರೆಕಾಯಿ ನಾರಿಗೆ ಹಸಿರು ಹಚ್ಚಿ ನೆಟ್ಟ ಮರಗಳು. ಅವಳ ಅಪ್ಪ ಓಂಕಾರಪ್ಪನವರು ಸರ್ಕಾರಿ ಕೆಲಸದ ಮೇಲೆ ದಾವಣಗೆರೆಯಿಂದ ಬಂದು ಇಲ್ಲೇ ನಿಂತವರು. ಊಟದ ಮೇಜನ್ನು ಮಗಳ ರೈಲಿಗೆ ಬಿಟ್ಟುಕೊಟ್ಟು ನೆಲದಲ್ಲಿ ಕೂತು ಉಣ್ಣುತ್ತಿದ್ದರು.

ಬಂದವರು ಮೂವರು. ಖಿದಿರ್‌ಪುರದ ಬಂದರಿನಲ್ಲಿ ಅಧಿಕಾರಿಯಾಗಿದ್ದ ಮೈಸೂರಿನ ನಂಜುಂಡಪ್ಪ, ಅವರ ಹೆಂಡತಿ ವಸಂತಾ, ಮಗ ವಿನಯ. ಉಪ್ಪಿಟ್ಟು, ಸಂದೇಶವೆಂಬ ಬಂಗಾಳಿ ಸಿಹಿ ಬಂದವು. ಸೆಕೆಗೆ ಎಲ್ಲರೂ ಬೀಸಣಿಗೆ ಆಡಿಸುತ್ತಿದ್ದರು. ಮಾತು ಮೈಸೂರಿನ ಹವೆಯಿಂದ ಮೀನಿನ ವಾಸನೆಗೆ ಬಂದು ನಿಂತಿತ್ತು. ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು. ಕರೆಂಟು ಹೋಗುವಾಗ ಇಂಜಿನ್ನು ಓಡಿಸುತ್ತಿದ್ದ ವರ್ಷಿಣಿ ಗಡಿಬಿಡಿಯಲ್ಲಿ ಸ್ವಿಚ್ಚು ಆರಿಸಿರಲಿಲ್ಲ. ಚಾದರದೊಳಗೆ ಒಂದು ಉಬ್ಬು ಗೊರಗೊರ ಎನ್ನುತ್ತ ವಸಂತಾ ಕೂತ ಕಡೆಗೇ ಹೊರಟಿತು.

"ಅಯ್ಯಯ್ಯೋ, ಹೆಗ್ಗಣ ಕಣ್ರೀ!" ವಸಂತಾ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ನಂಜುಂಡಪ್ಪ ಛತ್ರಿ ಎತ್ತಿದರು.

"ಹೊಡೀಬೇಡಿ ಅಂಕಲ್!" ವರ್ಷಿಣಿ ಹಾರಿಬಂದು ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅದು ಇಲಿ ಅಲ್ಲ, ಪ್ಯಾಸೆಂಜರ್ ಗಾಡಿ!"

ಇಂದಿರಾ ಕಣ್ಣು ಮುಚ್ಚಿಕೊಂಡರು. ವರ್ಷಿಣಿ ಚಾದರ ತೆಗೆದಳು. ಮೂರು ಮರ ಒರಗಿದ್ದವು. ನೀಲಿ ಇಂಜಿನ್ನು ಬಟ್ಟೆಯಿಂದ ಬಿಡಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಸೇತುವೆ ದಾಟಿತು.

ಮೊದಲು ನಕ್ಕವರು ವಸಂತಾ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಎಲ್ಲಮ್ಮ ಇದರ ಚಾವಿ? ನಾನೊಂದ್ಸಲ ಓಡಿಸ್ಲಾ?" ಎಂದರು. ವರ್ಷಿಣಿ ತೋರಿಸಿದ ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದರು. ಗಾಡಿ ತಿರುವಿನಲ್ಲಿ ಹಳಿ ತಪ್ಪಿ ಅಡ್ಡಬಿತ್ತು.

"ಸ್ಲೋ, ಆಂಟಿ! ಒಳಗೆ ಜನ ಇದಾರೆ."

ವಸಂತಾ ಕನ್ನಡಕ ಏರಿಸಿ ಬೋಗಿಯ ಕಿಟಕಿಯೊಳಗೆ ಇಣುಕಿದರು. ನಿಜಕ್ಕೂ ಜನರಿದ್ದರು, ಅಕ್ಕಿಕಾಳಿನಷ್ಟು ತಲೆಗಳು. "ತಪ್ಪಾಯ್ತಪ್ಪ," ಎಂದರು ಅವರಿಗೇ ಹೇಳುವಂತೆ. ಆಮೇಲೆ ಗಾಡಿ ಬಸವನಹುಳುವಿನ ಹಾಗೆ ಹೊರಟಿತು.

ವರ್ಷಿಣಿ, ವಿನಯ ಬಾಲ್ಕನಿಗೆ ಹೋದರು. ವಿನಯ ಒಳ್ಳೆಯವನೇ; ಮುಚ್ಚಿಡದೆ ಕೇಳಿದ. "ಮದುವೆ ಆದ್ಮೇಲೂ ಇದು ಇರುತ್ತಾ?"

"ಇರುತ್ತೆ. ಇದಕ್ಕೇ ಒಂದು ರೂಮ್ ಬೇಕಾಗುತ್ತೆ."

"ನನಗೆ ಮನೆ ಖಾಲಿ ಇರ್ಬೇಕು. ಒಂದು ಚಾಪೆ, ಒಂದು ಬ್ಯಾಗು. ಶನಿವಾರ ಬಂದ್ರೆ ಟ್ರೆಕ್ಕಿಂಗ್ ಹೊರಡೋನು ನಾನು."

"ಹಾಗಾದ್ರೆ ಒಂದೇ ವಾರಕ್ಕೆ ಜಗಳ."

"ಒಂದು ವಾರ ತಡೀತೀವಾ?" ಇಬ್ಬರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಹುಡುಗರಿಗೆ ಹೊಂದಿಕೆಯಾಗಲಿಲ್ಲವಂತೆ ಎಂದು ನಂಜುಂಡಪ್ಪ ಫೋನು ಮಾಡಿದ ದಿನ ಇಂದಿರಾ ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದರು. "ಬಂದ ಸಂಬಂಧಾನ ಆ ರೈಲೇ ಹೊತ್ಕೊಂಡು ಹೋತು. ಬಿಚ್ಚಿ ಅಟ್ಟಕ್ಕ ಹಾಕು." ವರ್ಷಿಣಿ ಒರಗಿದ ಮರಗಳನ್ನು ನೆಟ್ಟಗೆ ಮಾಡಲಿಲ್ಲ. ಶನಿವಾರ ಡಬ್ಬ ತಂದು ಬೋಗಿಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತತೊಡಗಿದಳು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ವಸಂತಾ ನಿಂತಿದ್ದರು, ಒಬ್ಬರೇ. ಖಿದಿರ್‌ಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಸಿಹಿಯ ಡಬ್ಬಿಯಷ್ಟು ಪೊಟ್ಟಣ.

ಇಂದಿರಾ ಬಾಗಿಲು ಪೂರ್ತಿ ತೆರೆಯಲಿಲ್ಲ. "ನೀವು ಬ್ಯಾಡ ಅಂದ್ರೆಲ್ರೀ?"

"ಬೇಡ ಅಂದೋನು ನನ್ನ ಮಗ. ನನ್ನನ್ನ ಯಾರು ಕೇಳಿದ್ರು?"

ಒಳಗೆ ಬಂದು ಪೊಟ್ಟಣ ಬಿಚ್ಚಿದರು. ಎರಡು ಬೆಂಕಿಕಡ್ಡಿಯ ಕಂಬ, ನಡುವೆ ದಾರ, ದಾರದ ಮೇಲೆ ರವಿಕೆ ಬಟ್ಟೆಯ ಚೂರುಗಳಲ್ಲಿ ಕತ್ತರಿಸಿದ ಉಗುರಿನಷ್ಟು ಸೀರೆ, ಪಂಚೆ, ಒಂದು ಲಂಗ.

"ರೈಲ್ವೆ ಕ್ವಾರ್ಟರ್ಸ್ ಮುಂದೆ ಒಂದು ಬಟ್ಟೆನೂ ಒಣಗಾಕಿಲ್ಲ ನೀನು. ಜನ ಇದಾರೆ ಅಂತ ಯಾರಮ್ಮ ನಂಬ್ತಾರೆ?"

ವರ್ಷಿಣಿ ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬದಿಂದ ಇಂಜಿನ್ನು, ಬೋಗಿ ತೆಗೆದು, ಹತ್ತಿ ಬಿಡಿಸಿ ಹಳಿಯ ಮೇಲೆ ನಿಲ್ಲಿಸಿದಳು. ಓಂಕಾರಪ್ಪ ಸದ್ದಿಲ್ಲದೆ ವಸಂತಾಗೆ ಕುರ್ಚಿ ತಂದಿಟ್ಟರು. ಕಂಬಗಳು ಕ್ವಾರ್ಟರ್ಸ್ ಮುಂದಿನ ಮಣ್ಣಿನಲ್ಲಿ ನಿಂತವು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದಿರಾಗೆ ತಡೆಯಲಾಗಲಿಲ್ಲ. "ಆ ಹಸಿರು ಸೀರಿ ನೆಲಕ್ಕ ತಾಗೈತಲ್ರೀ. ಮಣ್ಣಾಗೂದಿಲ್ಲೇನು?"

ಕೈಯೊರೆಸಿಕೊಂಡು ಬಂದವರೇ ಬಗ್ಗಿ ನಿಂತರು. ಉಸಿರು ಹಿಡಿದು, ಎರಡು ಬೆರಳಲ್ಲಿ ದಾರವನ್ನು ಚೂರು ಬಿಗಿದರು. ವರ್ಷಿಣಿ ಗುಂಡಿ ತಿರುಗಿಸಿದಳು; ಗಾಡಿ ಮೆಲ್ಲಗೆ ಪಕ್ಕದಲ್ಲೇ ಹಾದುಹೋಯಿತು. ಸೀರೆ, ಪಂಚೆ, ಲಂಗ ಒಂದರ ಹಿಂದೊಂದು ಅಲುಗಿದವು.