ಒಲೆ ಮುಂದೆ ಕೂರಿಸಿದ ತಾಯಿ

ಹಳ್ಳಿಮೈಸೂರಿನ ಹಾಲಿನ ಡೈರಿ ಮುಂದೆ ಬೆಳಿಗ್ಗೆ ಸಾಲು ನಿಂತರೆ ಹಾಲಿಗಿಂತ ಮೊದಲು ಮಾತು ಸುರಿಯುತ್ತದೆ. 2007ರ ಅವರೆಕಾಯಿ ಕಾಲದಲ್ಲಿ ಅಲ್ಲಿ ಇದ್ದದ್ದು ಒಂದೇ ಮಾತು, ಕಲ್ಲಮ್ಮನ ಮನೆಯ ಬಸುರಿಯದು.

ಬಸುರಿಯಾಗಿದ್ದವಳು ಹಿರಿಸೊಸೆ ದೇವೀರಮ್ಮ. ಮಗು ಮಾತ್ರ ಕಿರಿಸೊಸೆ ಭಾಗ್ಯಲಕ್ಷ್ಮಿಯದು. ನಾಲ್ಕು ವರ್ಷದ ಹಿಂದೆ ಭಾಗ್ಯಳ ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ರಕ್ತಸ್ರಾವ ನಿಲ್ಲದೆ, ಅವಳ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಅವಳ ಗಂಡ ಕನಕರಾಜು ಹೊಳೆನರಸೀಪುರದಲ್ಲಿ ಸ್ಕೂಲ್ ಮೇಷ್ಟ್ರು. ಬೆಂಗಳೂರಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, "ಅಂಡಾಶಯ ಚೆನ್ನಾಗಿದೆ. ನಿಮ್ಮ ಮಗುವನ್ನು ಬೇರೊಬ್ಬರು ಹೊತ್ತು ಹೆತ್ತುಕೊಡಬಹುದು" ಎಂದಿದ್ದರು. ಆ ಮಾತು ಮನೆಗೆ ಬಂದಾಗ, ಎರಡು ಮಕ್ಕಳ ತಾಯಿ ದೇವೀರಮ್ಮ, "ಯಾರ್ನೋ ಯಾಕ್ ಉಡುಕ್ತೀರಿ? ನಾನ್ ಒತ್ಕತೀನಿ ಬುಡು" ಎಂದುಬಿಟ್ಟಳು. ಅವಳ ಗಂಡ ಗಂಗಾಧರಯ್ಯನೂ ಒಪ್ಪಿ ಕಾಗದಕ್ಕೆ ಸಹಿ ಹಾಕಿದ.

ಅಂದು ಅವಳ ಕೈ ಹಿಡಿದು ಅತ್ತಿದ್ದ ಭಾಗ್ಯಲಕ್ಷ್ಮಿಗೆ ಈಗ ಅವಳನ್ನು ಕಂಡರೆ ಮೈಯೆಲ್ಲ ಉರಿ.

ಉರಿಯದೆ ಇರುತ್ತದೆಯೇ? ಕರೆದ ಹಾಲಿನ ಮೊದಲ ಲೋಟ ದೇವೀರಮ್ಮನಿಗೆ. ಹಿತಕಿದ ಅವರೆ ಸಾರು ಮೊದಲು ಅವಳ ತಟ್ಟೆಗೆ. ಕನಕರಾಜು ಬಸ್ಸಿಳಿದು ಬಂದವನು ಚಪ್ಪಲಿ ಬಿಡುವ ಮೊದಲೇ "ಅತ್ತಿಗೆ ಉಂಡ್ರಾ?" ಅನ್ನುತ್ತಿದ್ದ. ಹೆಂಡತಿ ಉಂಡಳೋ ಬಿಟ್ಟಳೋ ಅವನಿಗೆ ನೆನಪೇ ಇರುತ್ತಿರಲಿಲ್ಲ. ಇದರ ಮೇಲೆ ಡೈರಿಯಲ್ಲಿ ಮಂಚಯ್ಯನ ಹೆಂಡತಿ ಬೇಕೆಂದೇ ಕೇಳಿಸುವ ಹಾಗೆ ಅಂದಳು:

"ಮೈದ್ನ ಮುಟ್ದೆ ಅತ್ಗೆ ಬಸ್ರಾಯ್ತಾಳಾ? ಆಸ್ಪತ್ರೆ ಕತೆ ಕಟ್ಟವ್ರೆ. ಈ ಪೆದ್ದಿ ನಂಬ್ಕಂಡು ಕುಂತವ್ಳೆ."

ಅದು ಸುಳ್ಳೆಂದು ಭಾಗ್ಯಳಿಗೆ ಗೊತ್ತು. ಇಂಜೆಕ್ಷನ್ ಚುಚ್ಚಿಸಿಕೊಂಡವಳು ಅವಳೇ, ಅಂಡ ಕೊಟ್ಟವಳು ಅವಳೇ. ಆದರೂ ಅಸೂಯೆಗೆ ಬುದ್ಧಿ ಹೇಳುವವರು ಯಾರು? ಅಂಡ ನನ್ನದೇ ಇರಬಹುದು, ಒಂಬತ್ತು ತಿಂಗಳು ಅವಳ ರಕ್ತ ಕುಡಿದ ಮೇಲೆ ಮಗು ನನ್ನದಾಗಿ ಉಳಿಯುತ್ತದೆಯೇ? ಅವಳದೇ ಮೂಗು, ಅವಳದೇ ಗುಣ ಬಂದರೆ? ಹೆತ್ತ ಮೇಲೆ ಕೊಡುವುದಿಲ್ಲ ಅಂದರೆ? ಹೀಗೆ ಲೆಕ್ಕ ಹಾಕಿ ಹಾಕಿ ಅವಳು ದೇವೀರಮ್ಮನ ಜೊತೆ ಮಾತನ್ನೇ ಬಿಟ್ಟಳು.

ಏಳನೇ ತಿಂಗಳಲ್ಲಿ ಬಳೆ ಶಾಸ್ತ್ರ ಬಂತು. ದೇವೀರಮ್ಮ ಹಸಿರು ಸೀರೆ ಉಟ್ಟು ಮಣೆ ಮೇಲೆ ಕೂತಳು. ಭಾಗ್ಯ ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಟಾಗ ಅತ್ತೆ ಕಲ್ಲಮ್ಮ ಅಡ್ಡ ನಿಂತಳು.

"ನೀನು ಆಚಿಗ್ ಬರ್ಬ್ಯಾಡ ಕಣವ್ವ. ಮಕ್ಳಿಲ್ದೋರ ಕಣ್ಣು ಬಸ್ರಿ ಮ್ಯಾಲೆ ಬೀಳ್ಬಾರ್ದು. ಒಲೆ ಮೇಲೆ ಪಾಯ್ಸ ಐತೆ, ನೋಡ್ಕೋ ಓಗು."

ತನ್ನ ಮಗುವಿಗೆ ತನ್ನದೇ ದೃಷ್ಟಿಯಂತೆ! ಭಾಗ್ಯ ಒಲೆ ಮುಂದೆ ಕೂತು ಪಾಯಸ ತಿರುವಿದಳು. ಅಡಿಗೆಮನೆ ಬಾಗಿಲಿನಿಂದ ಆ ಹಸಿರು ಬಳೆಗಳನ್ನು ನೋಡಿದಳು. ದೇವೀರಮ್ಮನ ಕೈ ಮುರಿದುಹೋಗಲಿ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತಾನೇ ಹೆದರಿದಳು.

ಅಷ್ಟರಲ್ಲಿ ಬಿಪಿ ನೋಡುವ ಮಿಷನ್ನು ಹಿಡಿದು ನರ್ಸ್ ಜಯಲಕ್ಷ್ಮಮ್ಮ ಬಂದರು. "ಎಲ್ಲಿ, ಮಗುವಿನ ತಾಯಿ?"

ಕಲ್ಲಮ್ಮ ಮಣೆ ಕಡೆ ಕೈ ತೋರಿಸಿದಳು.

"ಅವರು ಹೊತ್ತಿರೋರು. ನಾನು ಕೇಳಿದ್ದು ತಾಯಿನ."

ಒಳಗಿದ್ದ ಭಾಗ್ಯ ತಡೆಯಲಾರದೆ ಸೌಟು ಹಿಡಿದೇ ಆಚೆ ಬಂದಳು. "ನಾನೆಂಗ್ ತಾಯಿ ನರ್ಸಮ್ಮ? ರಕ್ತ ಅವ್ಳದು, ಒಟ್ಟೆ ಅವ್ಳದು, ಬಳೆನೂ ಅವ್ಳಿಗೇಯ. ನಂದೇನೈತೆ?"

ಜಯಲಕ್ಷ್ಮಮ್ಮ ಕಲ್ಲಮ್ಮನ ಕಡೆ ತಿರುಗಿದರು.

"ಅಮ್ಮ, ಹೋದ್ಸಲ ಬಂದಾಗ ನಿಮ್ಮ ನಾಟಿ ಕೋಳಿ ಕಾವು ಕೂತಿತ್ತಲ್ಲ, ಯಾವ ಮೊಟ್ಟೆ ಇಟ್ಟಿದ್ರಿ?"

"ಗಿರಿರಾಜ ಫಾರಂ ಕೋಳೀದು. ಅದು ಕಾವು ಕೂರಾಕಿಲ್ವಲ್ಲ, ಅದ್ಕೆ ನಾಟಿ ಕೋಳಿ ಅಡೀಲಿ ಮಡ್ಗಿದ್ದೆ."

"ಮರಿ ಯಾವ್ದು ಬಂತು?"

"ಅಯ್ಯೋ, ಗಿರಿರಾಜಂದೇ. ಮೊಟ್ಟೆ ಅದ್ರುದಲ್ವಾ..." ಅನ್ನುತ್ತಲೇ ಕಲ್ಲಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಇಲ್ಲೂ ಹಾಗೇ. ಅಂಡ ಭಾಗ್ಯಂದು, ವೀರ್ಯ ಕನಕರಾಜುದು. ಎರಡೂ ಕೂಡಿದ್ದು ಆಸ್ಪತ್ರೆ ಲ್ಯಾಬಲ್ಲಿ. ಹಾಗೆ ಆದ ಭ್ರೂಣನ ಡಾಕ್ಟರು ದೇವೀರಮ್ಮನ ಗರ್ಭದಲ್ಲಿ ಇಟ್ರು. ಯಾರೂ ಯಾರನ್ನೂ ಮುಟ್ಟಿಲ್ಲ, ಡೈರಿ ಮುಂದೆ ಹೇಳಿ ಬೇಕಾದ್ರೆ. ಊಟ, ಗಾಳಿ ದೇವೀರಮ್ಮನಿಂದ ಹೋಗುತ್ತೆ. ಮೂಗು, ಬಣ್ಣ ಅಂಡ, ವೀರ್ಯ ಕೊಟ್ಟೋರಿಂದ ಬರುತ್ತೆ. ಮಗುವಿನ ರಕ್ತ ಮಗುನೇ ಮಾಡ್ಕೊಳುತ್ತೆ."

"ನನ್ನ ಕಾವು ಕೋಳಿ ಮಾಡ್ಬುಟ್ರಾ ನರ್ಸಮ್ಮ?" ದೇವೀರಮ್ಮ ನಗಲು ಹೋದಳು. ನಗು ಬರಲಿಲ್ಲ, ಅಳು ಬಂತು. "ಕೋಳಿನಾದ್ರೂ ಸಂಜಿಗೆ ಎಲ್ಲೈತೆ ಅಂತ ನೋಡ್ತಾರೆ. ಕಾಲು ಊದ್ಕಂಡದೆ, ರಾತ್ರಿ ಮಗ್ಗುಲಾಗಕ್ಕಾಗಕಿಲ್ಲ. ಎಲ್ರೂ ಕೇಳಾದು ಮಗೀಗೆ ಉಂಡ್ಯಾ, ಮಗ ಒದೀತಾ ಅಂತ. ನೀನೆಂಗಿದ್ದೀಯೆ ಅಂತ ಒಬ್ರು ಕೇಳ್ನಿಲ್ಲ. ಭಾಗ್ಯ, ನಂಗೇ ನಿನ್ನ್ ಕಂಡ್ರೆ ಒಟ್ಟೆಕಿಚ್ಚು ಕಣೆ. ಎಲ್ಲಾ ಆದ್ಮೇಲೆ ಮಗ ನಿಂಗೆ, ಊದಿರೋ ಕಾಲು ನಂಗೆ. ಕೊಡಾಕಿಲ್ಲ ಅಂದ್ಕಂಡ್ಯಾ? ಒತ್ಕಂಡಿದ್ದೇ ನಿಂಗೆ ಕೊಡಾಕೆ ಕಣೆ."

ಭಾಗ್ಯಲಕ್ಷ್ಮಿ ಬಗ್ಗಿ ಆ ಕಾಲು ನೋಡಿದಳು. ನಾಲ್ಕು ತಿಂಗಳಿಂದ ದೇವೀರಮ್ಮನ ಹೊಟ್ಟೆಯನ್ನು ನೂರು ಸಲ ನೋಡಿದ್ದಳು. ಕಾಲನ್ನು ಒಮ್ಮೆಯೂ ನೋಡಿರಲಿಲ್ಲ.

"ಹೊತ್ತವರಿಗೂ ಕಷ್ಟ ಇದೆ, ಅಪಾಯನೂ ಇದೆ" ಎನ್ನುತ್ತ ಜಯಲಕ್ಷ್ಮಮ್ಮ ದೇವೀರಮ್ಮನ ತೋಳಿಗೆ ಪಟ್ಟಿ ಸುತ್ತಿದರು. "ಅದಕ್ಕೇ ಒತ್ತಾಯ ಮಾಡಿ ಯಾರನ್ನೂ ಒಪ್ಪಿಸಬಾರದು. ಬಿಪಿ ಸ್ವಲ್ಪ ಜಾಸ್ತಿ ಇದೆ. ನಾಳೆನೇ ಹಾಸನಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸ್ಬೇಕು."

"ನಾನ್ ಕರ್ಕಂಡೋಯ್ತೀನಿ" ಎಂದಳು ಭಾಗ್ಯ. ನೆಲಕ್ಕೆ ಕೂತು ದೇವೀರಮ್ಮನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡಳು. "ತಪ್ಪಾಯ್ತು ಅಕ್ಕ. ನಿನ್ನ ಕೈ ಮುರೀಲಿ ಅಂತ ಅಂದ್ಕಂಡ್ಬುಟ್ಟಿದ್ದೆ."

"ಮುರುದ್ರೆ ನಿನ್ನ ಮಗೀನ ಯಾರೆತ್ಕತಾರೆ, ಪೆದ್ದಿ? ಮೊದ್ಲು ಪಾಯ್ಸ ನೋಡು, ಸೀದ ವಾಸ್ನೆ ಬತ್ತಾದೆ."

ಪಾಯಸ ಆಗಲೇ ತಳ ಹಿಡಿದಿತ್ತು. ಯಾರೂ ಬೈಯಲಿಲ್ಲ. ಕಲ್ಲಮ್ಮ ಉಳಿದ ಹಸಿರು ಬಳೆ ತಂದು ಕಿರಿಸೊಸೆಯ ಕೈಗೆ ಒಂದೊಂದಾಗಿ ಏರಿಸಿದಳು. ಆಮೇಲೆ ಆ ಕೈಯನ್ನೇ ಹಿಡಿದು ದೇವೀರಮ್ಮನ ಹೊಟ್ಟೆ ಮೇಲೆ ಇಟ್ಟಳು. ಒಳಗಿನಿಂದ ಒಂದು ಒದೆ ಬಿತ್ತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಬಾಡಿಗೆ ತಾಯ್ತನದ ಮಾತು ಬಂದೀತು. ಡೈರಿ ಸಾಲಿನ ಮಾತು ನಂಬಬೇಡಿ, ದಲ್ಲಾಳಿಗಳನ್ನಂತೂ ಹತ್ತಿರ ಸೇರಿಸಬೇಡಿ. ಡಾಕ್ಟರನ್ನು ಕೇಳಿ, ಈಗಿನ ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ. ಮಕ್ಕಳಿಲ್ಲದವಳನ್ನು ಒಲೆ ಮುಂದೆ ಕೂರಿಸಬೇಡಿ, ಅವಳ ಕಣ್ಣಲ್ಲಿ ಯಾವ ವಿಷವೂ ಇಲ್ಲ. ಇನ್ನು ಹೊತ್ತವಳು ಎದುರಿಗೆ ಸಿಕ್ಕರೆ ಮಗು ಹೇಗಿದೆ ಅಂತ ಆಮೇಲೆ ಕೇಳಿ. ಮೊದಲು, "ನೀನೆಂಗಿದ್ದೀಯವ್ವ?" ಅನ್ನಿ.