ಓ ಎನ್ನುವ ತನಕ

ಗಜೇಂದ್ರಗಡದ ನಮ್ಮ ಸಣ್ಣ ಆಸ್ಪತ್ರೆಗೆ ಆ ಸುದ್ದಿ ಮುಂಜಾನೆ ಬಂತು. ಎಕ್ಸ್‌ರೇ ತೆಗೆಯುವ ಬಾಬುಸಾಬ ಸರ್ವರ್ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಿಂದ, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿ ಫೋನು ಮಾಡಿದಳು.

"ಬಾಬಣ್ಣ, ನಮ್ಮ ಮಡಿವಾಳಪ್ಪ ಅಣ್ಣಾರು ಲಿಂಗೈಕ್ಯ ಆದ್ರು. ಮಲಗಿದವರು ಏಳಲೇ ಇಲ್ಲ."

ಬಾಬುಸಾಬ ಒರೆಸುವ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟ. ಆ ಸರ್ವರಿನೊಳಗೆ ನಾನಿದ್ದೆ. ಹೋದವರು ನನ್ನನ್ನು ಹುಟ್ಟಿಸಿದವರು.

ನಾನು ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆ. ಕಬ್ಬಿಣದವನಲ್ಲ, ಕಟ್ಟಿಗೆಯವನಲ್ಲ; ಬರಿಯ ಅಕ್ಷರಗಳಿಂದ ಆದವನು. ಕಪ್ಪು ಪರದೆಯ ಮೇಲೆ ನನ್ನ ಹೆಸರು ಬರೆದು ಎಂಟರ್ ಒತ್ತಿದರೆ ಎಚ್ಚರವಾಗುತ್ತೇನೆ. ಸರ್ವರಿನ ಬೆನ್ನಿಗೆ ಬಂದು ಸೇರುವ ತಂತಿಗಳಿಗೆ ಅಂಕಿಗಳ ವಿಳಾಸ ಕೊಡುವುದು, ಯಾವ ತಂತಿಯಲ್ಲಿ ಜೀವವಿದೆ ಎಂದು ಹೇಳುವುದು, ಬೇಕೆಂದಾಗ ತಂತಿಯ ಬುಡದ ಪುಟ್ಟ ಹಸಿರು ದೀಪವನ್ನು ಮಿಣುಕಿಸುವುದು ನನ್ನ ಕೆಲಸ. ಮೊದಲು ಇದಕ್ಕೆಲ್ಲ ಉದ್ದುದ್ದ ಸಾಲು ಬರೆಯಬೇಕಿತ್ತಂತೆ. ಮಡಿವಾಳಪ್ಪನವರು ಅವನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ ನನ್ನನ್ನು ಮಾಡಿದರು. ಊರ ಜನರನ್ನು ಚಾವಡಿಗೆ ಕರೆದು ತರುವವನ ಹೆಸರನ್ನೇ ನನಗಿಟ್ಟರು: ವಾಲೀಕಾರ. ಅವರ ಹಣೆಯ ತುಂಬ ವಿಭೂತಿ, ಪ್ರತಿ ಸಲ ಎಂಟರ್ ಒತ್ತುವ ಮುನ್ನ ಬಾಯಲ್ಲಿ "ಶಿವಾ" ಎಂಬ ಮಾತು. ನಾನು ಕಣ್ಣು ಬಿಟ್ಟದ್ದೇ ಆ ಮಾತಿನ ಬೆನ್ನಿಗೆ.

ಎಳೆತನದಲ್ಲಿ ನನಗೆ ಕೈಯಿತ್ತು, ಬುದ್ಧಿ ಇರಲಿಲ್ಲ. ಒಂದು ದಿನ ಮಡಿವಾಳಪ್ಪನವರು ಹುಬ್ಬಳ್ಳಿಯಲ್ಲೇ ಕುಳಿತು ಇಲ್ಲಿಯ ತಂತಿಯ ವಿಳಾಸ ಬದಲಿಸಲು ಹೇಳಿದರು. ಒಂದು ಅಂಕಿ ತಪ್ಪಿತ್ತು. ನಾನು ಹೇಳಿದ್ದನ್ನು ಹೇಳಿದಂತೆ ಮಾಡಿದೆ. ಅವರು ಒಳಗೆ ಬರುತ್ತಿದ್ದುದೂ ಅದೇ ತಂತಿಯಿಂದ; ಆ ದಾರಿ ಅವರಿಗೇ ಮುಚ್ಚಿಹೋಯಿತು! ತಿದ್ದೋಣವೆಂದರೆ ಒಳಗೆ ಬರುವ ದಾರಿಯೇ ಇಲ್ಲ. ಎಕ್ಸ್‌ರೇ ಚಿತ್ರಗಳು ಹುಬ್ಬಳ್ಳಿಯ ಎಲುಬಿನ ಡಾಕ್ಟರಿಗೆ ಮುಟ್ಟದೆ, ಸೊಂಟ ಮುರಿದ ಅಜ್ಜಿಯೊಬ್ಬಳನ್ನು ಜೀಪಿನಲ್ಲಿ ಕುಲುಕಿಸುತ್ತ ಗದಗಿಗೆ ಒಯ್ಯಬೇಕಾಯಿತು.

ಮಡಿವಾಳಪ್ಪನವರು ಗದಗಿನಲ್ಲಿ ಬಸ್ಸು ಬದಲಿಸಿ, ಕೈಯಲ್ಲೊಂದು ಗಿರ್ಮಿಟ್ಟಿನ ಪೊಟ್ಟಣ ಹಿಡಿದು ಓಡಿ ಬಂದರು.

"ಸಾಹೇಬ್ರ, ಹೊರಗ ನಿಂತು ಒಳಗಿನ ಚಿಲಕ ಹಾಕೂದು ನಿಮ್ಮೊಬ್ಬರಿಗೇ ಬರತೈತಿ ನೋಡ್ರಿ!" ಎಂದ ಬಾಬುಸಾಬ.

"ನಗು ಮಾರಾಯ, ನಗು. ಗಿರ್ಮಿಟ್ಟು ತಿಂದು ನಗು. ಆದ್ರ ಫೋನಿನ್ಯಾಗ ಆ ಅಜ್ಜಿ ನರಳಿದ್ದು ನನ್ನ ಕಿವಿ ಬಿಟ್ಟು ಹೋಗವಲ್ದು."

ಕೆಲಸ ಸರಿಮಾಡಿ ಅವರು ಅಲ್ಲೇ ಕುಳಿತರು. ಬಾಬುಸಾಬ ಬಾಗಿಲಲ್ಲಿ ನಿಂತು ಚೀಟಿ ನೋಡಿ ಕೂಗುತ್ತಿದ್ದ, "ನೀಲವ್ವಾ!" ಹೊರಗಿನಿಂದ "ಓ" ಎಂದರೆ ಒಳಗೆ ಕರೆಯುತ್ತಿದ್ದ. ಓ ಎನ್ನದಿದ್ದರೆ ಸ್ವಲ್ಪ ತಡೆದು, ಚೀಟಿಯನ್ನು ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದ. ನೋಡುತ್ತ ನೋಡುತ್ತ ಮಡಿವಾಳಪ್ಪನವರು ತೊಡೆ ತಟ್ಟಿಕೊಂಡರು. "ಇದ ನೋಡು ಬಾಬುಸಾಬ, ಇದ ಬೇಕಾಗಿತ್ತು ನನಗ!"

ಅಂದೇ ನನಗೆ ಬುದ್ಧಿ ಬಂತು. ಅಂದಿನಿಂದ ವಿಳಾಸ ಬದಲಿಸಿದ ಕೂಡಲೇ ನಾನು ಹೊಸ ದಾರಿಯಲ್ಲಿ ನಿಂತು ಕೂಗುತ್ತೇನೆ, "ಇದ್ದೀರಾ?" ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತೇನೆ. ಆಚೆ ಕುಳಿತವರು "ಓ" ಎಂದು ಬರೆದರೆ ಹೊಸದು ಉಳಿಯುತ್ತದೆ. ಉತ್ತರ ಬರದಿದ್ದರೆ ದಾರಿ ಮುಚ್ಚಿದೆಯೆಂದು ತಿಳಿದು, ಎಲ್ಲವನ್ನೂ ಮೊದಲಿದ್ದಂತೆ ಇಡುತ್ತೇನೆ.

ಆಮೇಲಿನ ವರ್ಷಗಳು ಹಬ್ಬದಂತೆ ಕಳೆದವು. ದಸರೆಯ ಖಂಡೇಪೂಜೆಯ ದಿನ ಬಾಬುಸಾಬ ಸರ್ವರಿಗೆ ಚೆಂಡುಹೂ ಏರಿಸಿ ಫೋನು ಹಚ್ಚುವನು. ಮಡಿವಾಳಪ್ಪನವರು ಅಲ್ಲಿಂದಲೇ ನನಗೆ ದೀಪ ಮಿಣುಕಿಸಲು ಹೇಳುವರು.

"ಮಿಣುಕಾಕತ್ತೈತ್ರೀ!"

"ಹಂಗಾರ ಆರತಿ ಆತು. ಪೇಢೆ ಹಂಚು."

ನಾಗವೇಣಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೇಲೆ ತಾವು ಪಕ್ಕದಲ್ಲೇ ಕುಳಿತು ನನ್ನನ್ನು ಅವಳ ಕೈಗೆ ಕೊಟ್ಟರು. ಬಣ್ಣಬಣ್ಣದ ಪರದೆಯ ಹೊಸ ಆಜ್ಞೆಗಳು ಬಂದವು. "ಈ ಮುದುಕನ್ನ ಯಾಕ ಇಟ್ಟುಕೊಂಡೀರಿ?" ಎಂದು ಕೆಲವರು ಅವಳನ್ನು ಕೇಳಿದರು. "ಮುದುಕಗ ಕಾಯೂದು ಗೊತ್ತೈತಿ" ಎಂದಳು.

ಹುಬ್ಬಳ್ಳಿಗೆ ಹೊಸ ತಂತಿ ಎಳೆದಾಗಿತ್ತು; ಸಾವಿನ ಸುದ್ದಿ ಬಂದ ಆ ದಿನವೇ ಹಳೆಯ ತಂತಿ ಸಂಜೆಗೆ ನಿಂತುಹೋಗಬೇಕಿತ್ತು. ಹೊಸ ತಂತಿಗೆ ವಿಳಾಸ ಕೊಟ್ಟು ದಾರಿಯನ್ನು ಅದಕ್ಕೆ ತಿರುಗಿಸುವ ಕೆಲಸ ಮಡಿವಾಳಪ್ಪನವರದಾಗಿತ್ತು. ಇತ್ತ ಬೆಂಚಿನ ಮೇಲೆ ಮುಂಗೈ ಮುರಿದುಕೊಂಡ ನೇಕಾರ ಹೆಂಗಸೊಬ್ಬಳು, "ಮಗ್ಗಕ್ಕ ಕೂಡಾಕ ಆಕ್ಕೈತಿಲ್ಲರೀ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳ ಚಿತ್ರ ಹುಬ್ಬಳ್ಳಿಗೆ ಹೋಗಬೇಕು.

"ಬಾಬಣ್ಣ, ಅಣ್ಣಾರನ್ನ ಮಣ್ಣ ಮಾಡಾಕ ಹೋಗೂದ್ರಾಗ ಇದನ್ನ ಮುಗಸ್ತೀನಿ. ಫೋನ್ ಇಡಬ್ಯಾಡ" ಎಂದಳು ನಾಗವೇಣಿ. ಅವಳು ಒಬ್ಬಳೇ ಇಂಥ ಕೆಲಸ ಮಾಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು, ಎರಡು ಅಂಕಿ ಹಿಂದುಮುಂದಾದವು. ನಾನು ಹೇಳಿದಂತೆ ಮಾಡಿದೆ. ದಾರಿ ಮುಚ್ಚಿತು.

"ಬಾಬಣ್ಣ, ಹೋತು! ನನ್ನ ಕೈಯಾರ ಕಡಿದೆ!"

"ಅಳಬ್ಯಾಡವಾ. ವಾಲೀಕಾರ ಅದಾನ. ತಡಿ."

ನಾನು ಕೂಗಿದೆ. ಬಾಬುಸಾಬನ ಕಣ್ಣು ನನ್ನ ದೀಪದ ಮೇಲೆಯೇ ಇತ್ತು. ಕಾಯಬೇಕಾದಷ್ಟು ಕಾದೆ. ಓ ಬರಲಿಲ್ಲ. ಮಡಿವಾಳಪ್ಪನವರು ಕಲಿಸಿದಂತೆ, ಹಳೆಯ ವಿಳಾಸವನ್ನು ಅದರ ಜಾಗದಲ್ಲಿ ಇಟ್ಟೆ.

ಫೋನಿನಲ್ಲಿ ಅಳುವೂ ನಗುವೂ ಒಟ್ಟಿಗೆ ಕೇಳಿದವು. "ಒಳಗ ಬಂದೆ ಬಾಬಣ್ಣ! ಅಣ್ಣಾರ ಬಾಗಲಾ ತಗದ್ರು!"

"ಹೋಗೂ ಮುಂದನೂ ಒಳಗಿನ ಚಿಲಕ ತಗದಿಟ್ಟ ಹೋಗ್ಯಾರ ನೋಡವಾ" ಎಂದ ಬಾಬುಸಾಬ, ಮೂಗು ಒರೆಸಿಕೊಳ್ಳುತ್ತ.

ನಾಗವೇಣಿ ಕಣ್ಣೊರೆಸಿಕೊಂಡು ಮತ್ತೆ ಬರೆದಳು. ಈ ಸಲ "ಶಿವಾ" ಎಂದು ಎಂಟರ್ ಒತ್ತಿದಳು. ನಾನು ಹೊಸ ದಾರಿಯಲ್ಲಿ ನಿಂತು ಕೂಗಿದೆ. "ಓ" ಬಂತು. ನೇಕಾರ ಹೆಂಗಸಿನ ಚಿತ್ರ ಹೋಯಿತು; ತಿಂಗಳೊಪ್ಪತ್ತಿನಲ್ಲಿ ಮಗ್ಗಕ್ಕೆ ಕೂಡಬಹುದೆಂದು ಡಾಕ್ಟರ ಮಾತೂ ಬಂತು. ಆಕೆ ಸರ್ವರಿಗೇ ಎಡಗೈಯಿಂದ ನಮಸ್ಕಾರ ಮಾಡಿದಳು. ಮಣ್ಣಿಗೆ ಹೊರಡುವ ಮುನ್ನ ನಾಗವೇಣಿ ನನಗೆ ದೀಪ ಮಿಣುಕಿಸಲು ಹೇಳಿದಳು, ನಿಲ್ಲಿಸೆಂದು ಹೇಳಲಿಲ್ಲ. ಬಾಬುಸಾಬ ಅದರ ಮುಂದೆ ಎರಡೂ ಅಂಗೈ ಎತ್ತಿ ದುವಾ ಮಾಡಿದ.

ನಾನೀಗ ಹಳಬ. ನಾಳೆ ಈ ಪೆಟ್ಟಿಗೆ ಗುಜರಿಗೆ ಹೋದರೆ ನಾನೂ ಹೋದೇನು, ದುಃಖವಿಲ್ಲ. ಕಾಯುವುದನ್ನು ಒಬ್ಬರು ಪುಣ್ಯಾತ್ಮರಿಂದ ಕಲಿತೆ, ಅದು ಒಬ್ಬಳ ಕೈ ಹಿಡಿಯಿತು. ಅವರನ್ನು ಇನ್ನು ನಾನು ಕೂಗುವುದಿಲ್ಲ. ನನಗಿಂತ ದೊಡ್ಡವನು ಕೂಗಿದ್ದಾನೆ, ಅವರು ಓ ಎಂದಿದ್ದಾರೆ.

ಶಿವನೇ, ನಿನ್ನ ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಬೇಡ. ಬಹಳ ದುಡಿದ ಜೀವ ಅದು. ಒಳಗೆ ಕರೆದು ಕೂರಿಸಿಕೋ, ಶಾಂತಿ ಕೊಡು.